ಗೆರೆ ಎಳೆದವರು ಯಾರು? ಭೂಫಲಕಗಳ ಗಡಿಗಳನ್ನು ಮನುಷ್ಯ ಅರಿತುಕೊಂಡ ಚರಿತ್ರೆ



ನಾನು ಉರ್ದು ಮತ್ತು ಕನ್ನಡ ಕಲಿಸುವ ಭಾಷಾ ಶಿಕ್ಷಕಿ. ಭೂಮಿಯ ಒಳಗಿನ ವಿಷಯ ಈಕೆಗೇಕೆ ಎಂದು ನೀವು ಕೇಳಬಹುದು. ಇದಕ್ಕೆ ಕಾರಣ ನಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ ಅವರ ಪಿರಿಯಡ್ ನನ್ನ ಪಾಲಿಗೆ ಬಂತು. ಪಾಠ ಭೂಫಲಕಗಳದ್ದು. ಭೂಮಿಯ ಗಟ್ಟಿಯಾದ ಹೊರಪದರ ಒಂದೇ ತುಂಡಲ್ಲ, ಏಳು ದೊಡ್ಡ ಫಲಕಗಳು ಮತ್ತು ಹಲವು ಚಿಕ್ಕ ಫಲಕಗಳಾಗಿ ಒಡೆದಿದೆ, ಅವುಗಳ ನಡುವೆ ಮೂರು ಬಗೆಯ ಗಡಿಗಳಿವೆ ಎಂದು ಪುಸ್ತಕ ನೋಡಿ ಹೇಳಿದೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಕೆಂಪು ಗೆರೆಗಳನ್ನೂ ತೋರಿಸಿದೆ. ಆಗ ಆ ಹುಡುಗಿ ಎದ್ದು ನಿಂತು, “ಟೀಚರ್, ಈ ಗೆರೀ ಎಳದವ್ರು ಯಾರ್ರೀ? ಸಮುದ್ರದ ತಳಕ್ಕ ಹೋಗಿ ನೋಡ್ಯಾರೇನ್ರೀ?” ಎಂದಳು.

ನನ್ನ ಬಳಿ ಉತ್ತರ ಇರಲಿಲ್ಲ. ಓದಿ ಬಂದು ಹೇಳುತ್ತೇನೆ ಎಂದೆ. ಓದುತ್ತಾ ಹೋದಂತೆ ಒಂದು ವಿಷಯ ಮನದಟ್ಟಾಯಿತು. ನಮ್ಮ ಮಕ್ಕಳು ಒಂದು ಅಂಕಕ್ಕಾಗಿ ಬಾಯಿಪಾಠ ಮಾಡುವ ಆ ಒಂದು ಸಾಲಿನ ಹಿಂದೆ ಅರ್ಧ ಶತಮಾನದ ವಾದ, ಅವಮಾನ, ತಾಳ್ಮೆ ಮತ್ತು ಸಾಕ್ಷ್ಯಗಳಿವೆ. ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲ ಅನುಮಾನಗಳು

ಭೂಮಿಯ ಮುಖ ಇಂದು ಇರುವಂತೆಯೇ ಸದಾ ಇರಲಿಲ್ಲ ಎಂಬ ಅನುಮಾನ ಬಹಳ ಹಳೆಯದು. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಅಲ್ ಬಿರೂನಿ ನಮ್ಮ ದೇಶದ ಕುರಿತು ಬರೆದ ಗ್ರಂಥದಲ್ಲಿ ಒಂದು ಸೊಗಸಾದ ಅವಲೋಕನವಿದೆ. ಪರ್ವತಗಳ ಬಳಿ ನದಿಯ ಕಲ್ಲುಗಳು ದೊಡ್ಡವು, ದೂರ ಹೋದಂತೆ ಚಿಕ್ಕವು, ಸಮುದ್ರದ ಹತ್ತಿರ ಬರೀ ಮರಳು. ಇದನ್ನು ಕಂಡ ಅವರು ಉತ್ತರ ಭಾರತದ ಬಯಲು ಒಂದು ಕಾಲಕ್ಕೆ ಸಮುದ್ರವಾಗಿದ್ದು, ನದಿಗಳು ತಂದ ಮಣ್ಣಿನಿಂದ ತುಂಬಿರಬೇಕು ಎಂದು ತರ್ಕಿಸಿದರು. ಇಲ್ಲಿ ಒಂದು ಎಚ್ಚರಿಕೆ ಬೇಕು. ಅಲ್ ಬಿರೂನಿಗೆ ಭೂಫಲಕಗಳು ಗೊತ್ತಿದ್ದವು ಎಂದು ಹೇಳುವುದು ಸರಿಯಲ್ಲ. ಅವರು ಹಾಗೆ ಹೇಳಿಯೂ ಇಲ್ಲ. ಅವರಿಂದ ನಾವು ಕಲಿಯಬೇಕಾದದ್ದು ಕಣ್ಣೆದುರಿನ ಕಲ್ಲನ್ನು ಸಾಕ್ಷಿಯಾಗಿ ಓದುವ ವಿಧಾನವನ್ನು.

1596ರಲ್ಲಿ ನಕ್ಷೆಗಾರ ಅಬ್ರಹಾಂ ಓರ್ಟೆಲಿಯಸ್, ಅಮೆರಿಕ ಖಂಡವು ಯುರೋಪ್ ಮತ್ತು ಆಫ್ರಿಕಾಗಳಿಂದ ಹರಿದು ಬೇರೆಯಾದಂತೆ ಕಾಣುತ್ತದೆ ಎಂದು ಬರೆದರು. ನೀವೂ ನಕ್ಷೆಯನ್ನು ನೋಡಿ. ಬ್ರೆಜಿಲಿನ ಉಬ್ಬು ಆಫ್ರಿಕಾದ ತಗ್ಗಿನಲ್ಲಿ ಕೂರುವಂತಿದೆ. ಆದರೆ ಹೋಲಿಕೆಯೊಂದೇ ಪುರಾವೆಯಾಗುವುದಿಲ್ಲವಲ್ಲ!

ಪುರಾವೆಯ ಒಂದು ಮುಖ್ಯ ಭಾಗ ಸಿಕ್ಕಿದ್ದು ನಮ್ಮ ದೇಶದಲ್ಲೇ. 1856ರಲ್ಲಿ ಒಡಿಶಾದ ತಾಲ್ಚೇರಿನಲ್ಲಿ ಭೂವಿಜ್ಞಾನಿಗಳು ದೊಡ್ಡ ಬಂಡೆಗಳು ನುಣ್ಣನೆಯ ಮಣ್ಣಿನಲ್ಲಿ ಹುದುಗಿದ್ದ ಪ್ರಾಚೀನ ಪದರವನ್ನು ಕಂಡರು. ಅಂಥ ಪದರ ಬಿಡುವುದು ಹಿಮನದಿಗಳು. ಬಿಸಿಲ ನಾಡಾದ ಒಡಿಶಾಕ್ಕೆ ಹಿಮ ಎಲ್ಲಿಂದ ಬಂತು? ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳಲ್ಲಿಯೂ ಇಂಥದೇ ಗುರುತುಗಳು ದೊರೆತವು. ಈ ಎಲ್ಲ ಕಡೆಯೂ ಗ್ಲಾಸಾಪ್ಟೆರಿಸ್ ಎಂಬ ಒಂದೇ ಗಿಡದ ಪಳೆಯುಳಿಕೆ ಇತ್ತು. ಆಸ್ಟ್ರಿಯಾದ ಭೂವಿಜ್ಞಾನಿ ಎಡ್ವರ್ಡ್ ಸ್ಯೂಸ್ 1885ರಲ್ಲಿ, ಇವೆಲ್ಲ ಒಂದು ಕಾಲಕ್ಕೆ ಒಂದೇ ಮಹಾಭೂಮಿಯ ಭಾಗಗಳಾಗಿದ್ದವು ಎಂದು ಹೇಳಿ ಅದಕ್ಕೆ ಗೊಂಡ್ವಾನಾ ಎಂದು ಹೆಸರಿಟ್ಟರು. ಆ ಹೆಸರು ಮಧ್ಯ ಭಾರತದ ಗೊಂಡ ಜನರ ನಾಡಿನದು. ಆದರೆ ಸ್ಯೂಸ್ ಪ್ರಕಾರ ಖಂಡಗಳು ಸರಿದಿರಲಿಲ್ಲ, ನಡುವಿನ ನೆಲ ಸಮುದ್ರದಲ್ಲಿ ಕುಸಿದುಹೋಗಿತ್ತು.

ನಗೆಪಾಟಲಿಗೆ ಈಡಾದ ಮನುಷ್ಯ

ಖಂಡಗಳೇ ಸರಿದಿವೆ ಎಂದು ಧೈರ್ಯವಾಗಿ ಹೇಳಿದವರು ಜರ್ಮನಿಯ ಆಲ್ಫ್ರೆಡ್ ವೆಗೆನರ್. ಅವರು ಭೂವಿಜ್ಞಾನಿಯೇ ಅಲ್ಲ, ಹವಾಮಾನ ಶಾಸ್ತ್ರಜ್ಞರು. 1912ರ ಜನವರಿಯಲ್ಲಿ ಫ್ರಾಂಕ್‌ಫರ್ಟಿನಲ್ಲಿ ತಮ್ಮ ವಿಚಾರ ಮಂಡಿಸಿ, 1915ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ದಕ್ಷಿಣ ಆಫ್ರಿಕಾ ಮತ್ತು ಬ್ರೆಜಿಲ್ ಎರಡರಲ್ಲೂ ದೊರೆತ ಮೆಸೊಸಾರಸ್ ಎಂಬ ಸಣ್ಣ ಸರೀಸೃಪ, ಸಾಗರದ ಎರಡೂ ದಡಗಳಲ್ಲಿ ಹೊಂದಿಕೊಳ್ಳುವ ಪರ್ವತಗಳು, ಹಿಮನದಿಯ ಗುರುತುಗಳು ಎಲ್ಲವನ್ನೂ ಅವರು ಒಂದೆಡೆ ತಂದರು. ಹರಿದ ಪತ್ರಿಕೆಯ ತುಂಡುಗಳನ್ನು ಜೋಡಿಸಿದಾಗ ಅಂಚು ಹೊಂದಿದರೆ ಸಾಲದು, ಅಕ್ಷರದ ಸಾಲುಗಳೂ ಕೂಡಬೇಕಲ್ಲವೇ? ವೆಗೆನರ್ ತೋರಿಸಿದ್ದು ಆ ಸಾಲುಗಳನ್ನು.

ಆದರೂ ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ. 1926ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸಭೆಯಲ್ಲಿ ಹಲವರು ಕಟುವಾಗಿ ಟೀಕಿಸಿದರು. ಅವರ ಒಂದು ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಖಂಡಗಳನ್ನು ತಳ್ಳುವ ಶಕ್ತಿ ಯಾವುದು? ಇದಕ್ಕೆ ವೆಗೆನರ್ ಕೊಟ್ಟ ಉತ್ತರ ತಪ್ಪಾಗಿತ್ತು. 1930ರ ನವೆಂಬರ್‌ನಲ್ಲಿ, ಐವತ್ತು ತುಂಬಿದ ಕೆಲವೇ ದಿನಗಳಲ್ಲಿ, ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸಂಗಡಿಗರಿಗೆ ಸಾಮಗ್ರಿ ತಲುಪಿಸಿ ಮರಳುವಾಗ ಅವರು ತೀರಿಕೊಂಡರು. ತಮ್ಮ ಮಾತು ನಿಜವೆಂದು ಜಗತ್ತು ಒಪ್ಪಿದ್ದನ್ನು ಅವರು ಕಾಣಲೇ ಇಲ್ಲ.

ಉತ್ತರದ ಸುಳಿವು ಕೊಟ್ಟವರು ಬ್ರಿಟನ್ನಿನ ಆರ್ಥರ್ ಹೋಮ್ಸ್. ಒಲೆಯ ಮೇಲೆ ಕುದಿಯುವ ಅಂಬಲಿಯನ್ನು ನೆನೆಯಿರಿ. ತಳದ ಬಿಸಿ ಮೇಲೆ ಬಂದು, ಪಕ್ಕಕ್ಕೆ ಹರಡಿ, ತಣಿದು ಮತ್ತೆ ಕೆಳಗಿಳಿಯುತ್ತದೆ. ಭೂಮಿಯ ಒಳಪದರವಾದ ಮ್ಯಾಂಟಲ್‌ನಲ್ಲಿ ಬಿಸಿ ಶಿಲೆ ಹೀಗೆಯೇ ಅತಿ ನಿಧಾನವಾಗಿ ತಿರುಗುತ್ತಿರಬಹುದು, ಖಂಡಗಳನ್ನು ಅದೇ ಒಯ್ಯುತ್ತಿರಬಹುದು ಎಂದು ಅವರು 1920ರ ದಶಕದ ಕೊನೆಯಲ್ಲಿ ಸೂಚಿಸಿದರು. ಕೆಳಗಿಳಿಯುವ ಫಲಕವೇ ತನ್ನ ಭಾರದಿಂದ ಉಳಿದ ಭಾಗವನ್ನು ಎಳೆಯುತ್ತದೆ ಎಂಬುದು ಮುಂದೆ ತಿಳಿದುಬಂತು. ಹೋಮ್ಸ್ ಕಾಲದಲ್ಲಿ ಮಾತ್ರ ಇದಕ್ಕೆ ಸಾಕ್ಷಿ ಇರಲಿಲ್ಲ. ಸಾಕ್ಷಿ ಇದ್ದದ್ದು ಯಾರೂ ಕಾಣದ ಸಮುದ್ರದ ತಳದಲ್ಲಿ.

ಸಮುದ್ರದ ತಳವನ್ನು ಓದಿದವರು

1933ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ಮಬಾಹಿಸ್ ಎಂಬ ಪುಟ್ಟ ಹಡಗು ಹೊರಟಿತು. ಮುಖ್ಯಸ್ಥರು ನಮ್ಮ ದೇಶದ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸೆಮೂರ್ ಸೆವೆಲ್. ಹಡಗೂ ನಾವಿಕರೂ ಈಜಿಪ್ಟಿನವು. ವಿಜ್ಞಾನಿಗಳಲ್ಲಿ ಅಬ್ದುಲ್ ಫತ್ತಾಹ್ ಮುಹಮ್ಮದ್ ಮತ್ತು ಹುಸೇನ್ ಫೌಜಿ ಎಂಬ ಇಬ್ಬರು ಈಜಿಪ್ಟಿನವರಿದ್ದರು. ಹಡಗಿನಿಂದ ಶಬ್ದ ಕಳಿಸಿ, ಅದರ ಪ್ರತಿಧ್ವನಿ ಬರುವ ಸಮಯದಿಂದ ಆಳ ಅಳೆಯುವ ಯಂತ್ರ ಅವರಲ್ಲಿತ್ತು. ಅರಬ್ಬೀ ಸಮುದ್ರದ ಕಡೆಯ ಹಿಂದೂ ಮಹಾಸಾಗರದ ತಳದಲ್ಲಿ ಕಾರ್ಲ್ಸ್‌ಬರ್ಗ್ ಎಂಬ ಪರ್ವತಸಾಲಿದೆ. ಅದರ ನೆತ್ತಿಯ ಉದ್ದಕ್ಕೂ ಒಂದು ಆಳವಾದ ಕಣಿವೆ ಇರುವುದನ್ನು ಈ ಯಾನ ಕಂಡಿತು. ಅದು ಪೂರ್ವ ಆಫ್ರಿಕಾದ ಬಿರುಕು ಕಣಿವೆಯನ್ನು ಹೋಲುತ್ತಿತ್ತು. ಅದರ ಪೂರ್ಣ ಅರ್ಥ ಆಗ ಯಾರಿಗೂ ಹೊಳೆಯಲಿಲ್ಲ.

ಇಪ್ಪತ್ತು ವರ್ಷಗಳ ನಂತರ ಅಮೆರಿಕದ ಮೇರಿ ಥಾರ್ಪ್ ಎಂಬ ಮಹಿಳೆ ಮೇಜಿನ ಮುಂದೆ ಕೂತು ಅಟ್ಲಾಂಟಿಕ್ ಸಾಗರದ ತಳದ ನಕ್ಷೆ ಬಿಡಿಸುತ್ತಿದ್ದರು. ಆ ಕಾಲದಲ್ಲಿ ಸಂಶೋಧನಾ ಹಡಗು ಹತ್ತಲು ಹೆಣ್ಣುಮಕ್ಕಳಿಗೆ ಅವಕಾಶವಿರಲಿಲ್ಲ. ಸಹೋದ್ಯೋಗಿ ಬ್ರೂಸ್ ಹೀಜನ್ ಮುಂತಾದವರು ತಂದ ಆಳದ ಅಂಕಿಗಳನ್ನು ಅವರು ಒಂದೊಂದಾಗಿ ಗುರುತು ಹಾಕುತ್ತಿದ್ದರು. ಸಾಗರಮಧ್ಯದ ಪರ್ವತಸಾಲಿನ ನೆತ್ತಿಯಲ್ಲಿ ಅವರಿಗೂ ಕಣಿವೆ ಕಂಡಿತು. ಹೀಜನ್ ಮೊದಲು ಇದನ್ನು ಹುಡುಗಿಯರ ಹರಟೆ ಎಂದು ತಳ್ಳಿಹಾಕಿದರು. ಆದರೆ ಪಕ್ಕದ ಮೇಜಿನಲ್ಲಿ ಹೊವರ್ಡ್ ಫಾಸ್ಟರ್ ಎಂಬ ಕಿವಿ ಕೇಳದ ಕಲಾವಿದರು ಸಾಗರದ ಭೂಕಂಪಗಳ ಸ್ಥಾನಗಳನ್ನು ಗುರುತಿಸುತ್ತಿದ್ದರು. ಎರಡೂ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಭೂಕಂಪದ ಚುಕ್ಕೆಗಳು ಕಣಿವೆಯ ಉದ್ದಕ್ಕೂ ಸಾಲಾಗಿ ಕೂತಿದ್ದವು!

ನಮ್ಮ ಹುಡುಗಿಯ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಗೆರೆಯನ್ನು ಭೂಕಂಪಗಳೇ ಎಳೆದಿದ್ದವು. ಅದನ್ನು ಓದಿದವರು ಸಮುದ್ರಕ್ಕೆ ಹೋಗಲು ಬಿಡದ ಒಬ್ಬ ಹೆಣ್ಣುಮಗಳು ಮತ್ತು ಕಿವಿ ಕೇಳದ ಒಬ್ಬ ಚಿತ್ರಕಾರ.

1962ರಲ್ಲಿ ಹ್ಯಾರಿ ಹೆಸ್ ಎಂಬ ಭೂವಿಜ್ಞಾನಿ, ಈ ಕಣಿವೆಗಳಲ್ಲಿ ಒಳಗಿನ ಶಿಲಾರಸ ಮೇಲೆ ಬಂದು ಹೊಸ ಸಾಗರತಳ ಹುಟ್ಟುತ್ತದೆ, ಹಳೆಯದು ಎರಡೂ ಬದಿಗೆ ಸರಿದು ಕೊನೆಗೆ ಆಳವಾದ ಕಂದಕಗಳಲ್ಲಿ ಭೂಮಿಯೊಳಗೆ ಇಳಿಯುತ್ತದೆ ಎಂದು ಬರೆದರು. ಇದನ್ನು ಪರೀಕ್ಷಿಸುವುದು ಹೇಗೆ? ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಹೊತ್ತಿನ ಭೂಕಾಂತ ಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಕಾಂತ ಧ್ರುವಗಳು ಆಗಾಗ ತಿರುಗುಮುರುಗಾಗಿವೆ. ಕೊನೆಯ ಬಾರಿ ಹಾಗಾಗಿ ಸುಮಾರು 7.8 ಲಕ್ಷ ವರ್ಷಗಳಾದವು. ಹೆಸ್ ಹೇಳಿದ್ದು ನಿಜವಾದರೆ ಪರ್ವತಸಾಲಿನ ಎಡಬಲಗಳಲ್ಲಿ ಕಾಂತದ ಪಟ್ಟೆಗಳು ಕನ್ನಡಿಯಲ್ಲಿ ಕಂಡಂತೆ ಒಂದೇ ರೀತಿ ಇರಬೇಕು. ಕೇಂಬ್ರಿಜ್‌ನ ತರುಣ ಸಂಶೋಧಕ ಫ್ರೆಡ್ ವೈನ್ ಮತ್ತು ಅವರ ಮಾರ್ಗದರ್ಶಕ ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಈ ವಿಚಾರ ಪ್ರಕಟಿಸಿದರು. ಅವರು ಆಧರಿಸಿದ್ದ ಮುಖ್ಯ ಅಳತೆಗಳು ಎಲ್ಲಿಯವು ಗೊತ್ತೇ? ಮಬಾಹಿಸ್ ಕಂಡ ಅದೇ ಕಾರ್ಲ್ಸ್‌ಬರ್ಗ್ ಸಾಲಿನವು. ಕೆನಡಾದ ಲಾರೆನ್ಸ್ ಮಾರ್ಲಿಯವರಿಗೂ ಇದೇ ಯೋಚನೆ ಬಂದಿತ್ತು, ಆದರೆ ಅವರ ಪ್ರಬಂಧವನ್ನು ಎರಡು ಪತ್ರಿಕೆಗಳು ತಿರಸ್ಕರಿಸಿದ್ದವು. ಮುಂದಿನ ಮೂರು ವರ್ಷಗಳಲ್ಲಿ ಬೇರೆ ಸಾಗರಗಳಲ್ಲಿಯೂ ಕನ್ನಡಿಯಂಥ ಪಟ್ಟೆಗಳು ಸಿಕ್ಕವು. ವಾದ ಮುಗಿಯುತ್ತಾ ಬಂತು.

1965ರಲ್ಲಿ ಕೆನಡಾದ ಟೂಜೊ ವಿಲ್ಸನ್, ಭೂಮಿಯ ಹೊರಪದರ ಗಟ್ಟಿಯಾದ ಫಲಕಗಳಾಗಿ ವಿಂಗಡಣೆಗೊಂಡಿದೆ ಎಂದರು. 1967 ಮತ್ತು 1968ರಲ್ಲಿ ಮೆಕೆಂಜಿ, ಪಾರ್ಕರ್, ಮಾರ್ಗನ್, ಲೆ ಪಿಶೋನ್ ಮೊದಲಾದವರು ಆ ಚಲನೆಯನ್ನು ಲೆಕ್ಕದಲ್ಲಿ ಕೂರಿಸಿದರು. ವೆಗೆನರ್ ಭಾಷಣ ಮಾಡಿ ಆಗ ಐವತ್ತೈದು ವರ್ಷ ದಾಟಿತ್ತು.

ಮೂರು ಗಡಿಗಳು

ಫಲಕಗಳು ಸರಾಸರಿ ನೂರು ಕಿಲೋಮೀಟರ್ ದಪ್ಪ. ವರ್ಷಕ್ಕೆ ಕೆಲವೇ ಸೆಂಟಿಮೀಟರ್, ಅಂದರೆ ನಮ್ಮ ಉಗುರು ಬೆಳೆಯುವ ವೇಗದಲ್ಲಿ ಸರಿಯುತ್ತವೆ. ಎರಡು ಫಲಕಗಳು ಕೂಡುವಲ್ಲಿ ಮೂರೇ ಸಾಧ್ಯತೆಗಳಿವೆ: ದೂರವಾಗುವುದು, ಎದುರಾಗುವುದು, ಪಕ್ಕದಲ್ಲಿ ಉಜ್ಜಿಕೊಂಡು ಹೋಗುವುದು.

ಮೊದಲನೆಯದು ದೂರ ಸರಿಯುವ ಗಡಿ. ಹಜ್ ಯಾತ್ರೆಗೆ ಹೋದವರು ಜೆದ್ದಾದ ದಡದಲ್ಲಿ ಕೆಂಪು ಸಮುದ್ರವನ್ನು ನೋಡಿರಬಹುದು. ಆಫ್ರಿಕಾ ಮತ್ತು ಅರೇಬಿಯಾ ಫಲಕಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ದೂರವಾಗುತ್ತಿರುವುದರಿಂದ ಹುಟ್ಟಿದ ಎಳೆಯ ಸಾಗರ ಅದು. ಅದರ ದಕ್ಷಿಣ ತುದಿಯ ಬಳಿ, ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ 2005ರ ಸೆಪ್ಟೆಂಬರ್‌ನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ನೆಲ ಬಿರಿಯಿತು. ನಮ್ಮ ನಾಡಿನಲ್ಲಿಯೂ ಇಂಥ ಪುರಾತನ ಗಡಿಯೊಂದರ ಗುರುತಿದೆ. ಉಡುಪಿ ಜಿಲ್ಲೆಯ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬಗಳಂತೆ ನಿಂತಿರುವ ಬಂಡೆಗಳು, ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಅಗಲಿದ ಕಾಲದ ಜ್ವಾಲಾಮುಖಿ ಶಿಲೆಗಳು. ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋದರೆ ಫೋಟೋ ತೆಗೆದುಕೊಂಡು ಬರುವುದರ ಜೊತೆಗೆ ಇದನ್ನೂ ಮಕ್ಕಳಿಗೆ ಹೇಳಿರಿ.

ಎರಡನೆಯದು ಎದುರಾಗುವ ಗಡಿ. ಭಾರವಾದ ಸಾಗರ ಫಲಕ ಇನ್ನೊಂದರ ಅಡಿಗೆ ಜಾರಿದರೆ ಆಳವಾದ ಕಂದಕ ಮತ್ತು ಜ್ವಾಲಾಮುಖಿಗಳ ಸಾಲು ಉಂಟಾಗುತ್ತವೆ. ಜಪಾನಿನ ವಾದಾತಿ ಎಂಬ ವಿಜ್ಞಾನಿ 1930ರ ದಶಕದಲ್ಲೇ, ಭೂಕಂಪಗಳು ಓರೆಯಾಗಿ ಆಳಕ್ಕೆ ಇಳಿಯುತ್ತಾ ಹೋಗುವುದನ್ನು ಗುರುತಿಸಿದ್ದರು. ಅದು ಒಳಗಿಳಿಯುವ ಫಲಕದ ಜಾಡು ಎಂಬುದು ಆಮೇಲೆ ತಿಳಿಯಿತು. ಎರಡೂ ಕಡೆ ಖಂಡಗಳೇ ಇದ್ದರೆ ಯಾವುದೂ ಸುಲಭವಾಗಿ ಮುಳುಗುವುದಿಲ್ಲ, ನೆಲ ಮಡಚಿ ಏಳುತ್ತದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಾಕ್ಕೆ ತಾಗಿದಾಗ ಹಿಮಾಲಯ ಏಳತೊಡಗಿತು. ಎವರೆಸ್ಟಿನ ನೆತ್ತಿಯ ಸುಣ್ಣಕಲ್ಲಿನಲ್ಲಿ ಇಂದಿಗೂ ಸಮುದ್ರ ಜೀವಿಗಳ ಪಳೆಯುಳಿಕೆಗಳಿವೆ. ಆ ತಳ್ಳಾಟ ನಿಂತಿಲ್ಲ. 2005ರ ಅಕ್ಟೋಬರ್ 8ರಂದು ಕಾಶ್ಮೀರದ ಮುಜಫ್ಫರಾಬಾದ್ ಸುತ್ತ 70 ಸಾವಿರಕ್ಕೂ ಹೆಚ್ಚು ಜನ, 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಸುಮಾರು 9 ಸಾವಿರ ಜನ ಪ್ರಾಣ ಕಳೆದುಕೊಂಡದ್ದು ಇದೇ ಗಡಿಯಲ್ಲಿ.

ಮೂರನೆಯದು ಉಜ್ಜಿ ಸಾಗುವ ಗಡಿ. ಇಲ್ಲಿ ನೆಲ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಎರಡು ಫಲಕಗಳು ಪಕ್ಕಪಕ್ಕದಲ್ಲಿ ಸಿಕ್ಕಿಹಾಕಿಕೊಂಡು, ಒಮ್ಮೆಲೇ ಬಿಡಿಸಿಕೊಂಡಾಗ ಭೂಕಂಪವಾಗುತ್ತದೆ. ಇದರ ಚರಿತ್ರೆಯಲ್ಲಿ ಟರ್ಕಿಯ ಒಬ್ಬ ವಿದ್ವಾಂಸರನ್ನು ಮರೆಯಬಾರದು. 1939ರ ಡಿಸೆಂಬರ್‌ನಲ್ಲಿ ಎರ್ಜಿಂಜಾನ್ ನಗರದಲ್ಲಿ 30 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಭೂಕಂಪವಾಯಿತು. ನಂತರದ ಕೆಲವೇ ವರ್ಷಗಳಲ್ಲಿ ಅದರ ಪಶ್ಚಿಮಕ್ಕೆ ಒಂದಾದ ಮೇಲೊಂದು ದೊಡ್ಡ ಕಂಪನಗಳು. ಇಹ್ಸಾನ್ ಕೆತಿನ್ ಎಂಬ ಭೂವಿಜ್ಞಾನಿ ಈ ಬಿರುಕುಗಳನ್ನು ಅಧ್ಯಯನ ಮಾಡಿ, ಇವೆಲ್ಲ ಒಂದೇ ಉದ್ದನೆಯ ಬಿರುಕಿನ ಭಾಗಗಳು, ಅನಟೋಲಿಯಾದ ನೆಲವೇ ಇಡಿಯಾಗಿ ಪಶ್ಚಿಮಕ್ಕೆ ಸರಿಯುತ್ತಿದೆ ಎಂದು 1948ರಲ್ಲಿ ಬರೆದರು. ಫಲಕ ಎಂಬ ಮಾತು ಹುಟ್ಟಲು ಇನ್ನೂ ಹದಿನೇಳು ವರ್ಷವಿತ್ತು! ಅದೇ ಬಿರುಕು 1999ರ ಆಗಸ್ಟ್ 17ರಂದು ಇಜ್ಮಿತ್ ಬಳಿ ಮತ್ತೆ ಕದಲಿ 17 ಸಾವಿರಕ್ಕೂ ಹೆಚ್ಚು ಜನ ಸತ್ತರು. 2023ರ ಫೆಬ್ರವರಿ 6ರಂದು ಅನಟೋಲಿಯಾದ ಪೂರ್ವದ ಬಿರುಕು ಟರ್ಕಿ ಮತ್ತು ಸಿರಿಯಾಗಳಲ್ಲಿ 50 ಸಾವಿರಕ್ಕೂ ಮಿಕ್ಕಿ ಜೀವಗಳನ್ನು ಕೊಂಡೊಯ್ದಿತು.

ಗಡಿಯಿಂದ ದೂರವಿದ್ದೇವೆಂಬ ಭ್ರಮೆ

ಇಷ್ಟು ಓದಿದ ಮೇಲೆ, ನಮ್ಮ ಊರು ಯಾವ ಗಡಿಯ ಮೇಲೂ ಇಲ್ಲವಲ್ಲ ಎಂದು ನೀವು ನೆಮ್ಮದಿಪಡಬಹುದು. ಕಲಬುರಗಿ, ಬೀದರ್ ಕಡೆಯ ಹಿರಿಯರನ್ನು ಕೇಳಿ ನೋಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು 10 ಸಾವಿರ ಜನ ಸತ್ತರು. ನಾನಾಗ ಇನ್ನೂ ಶಾಲೆ ಸೇರದ ಮಗು. ಆ ರಾತ್ರಿ ಪಾತ್ರೆಗಳು ಗಲಗಲ ಎಂದದ್ದನ್ನು, ಆಮೇಲೆ ಎಷ್ಟೋ ರಾತ್ರಿ ಓಣಿಯ ಜನವೆಲ್ಲ ಅಂಗಳದಲ್ಲೇ ಮಲಗಿದ್ದನ್ನು ಅಮ್ಮಿ ಇಂದಿಗೂ ಹೇಳುತ್ತಾರೆ. “ಜಲ್ಜಲಾ ಆಯಾ” ಎಂಬ ಒಂದೇ ಕೂಗಿಗೆ ಎಲ್ಲರೂ ಹೊರಗೆ ಬಂದಿದ್ದರಂತೆ.

ಕಿಲ್ಲಾರಿ ಇರುವುದು ಫಲಕದ ಗಡಿಯಿಂದ ಬಹುದೂರ, ಒಳನಾಡಿನಲ್ಲಿ. ಉತ್ತರದಲ್ಲಿ ಹಿಮಾಲಯವನ್ನು ಒತ್ತುತ್ತಿರುವ ಫಲಕದ ಒತ್ತಡ ಅದರ ಮೈಯೊಳಗೂ ಇರುತ್ತದೆ. ಎಲ್ಲಿ ಹಳೆಯ ದುರ್ಬಲ ಬಿರುಕಿದೆಯೋ ಅಲ್ಲಿ ಅಪರೂಪಕ್ಕೊಮ್ಮೆ ಅದು ಹೊರಬೀಳುತ್ತದೆ. ಕಿಲ್ಲಾರಿಯ ಕಂಪನದ ತೀವ್ರತೆ 6.2 ಮಾತ್ರ. ಅಷ್ಟು ಜನ ಸತ್ತದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮತ್ತು ಭಾರವಾದ ಮಾಳಿಗೆಗಳು ಮಲಗಿದ್ದವರ ಮೇಲೆ ಬಿದ್ದದ್ದರಿಂದ. ಅಂಥ ಮನೆಗಳು ನಮ್ಮ ಕಡೆ ಈಗಲೂ ಇವೆ.

ಪಾಠ ನೆನಪಿದ್ದವರು ಉಳಿದರು

ಕೊನೆಯಲ್ಲಿ ಒಂದು ದ್ವೀಪದ ಕಥೆ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಎದುರಾಗುವ ಗಡಿ ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ಜಾರಿತು. ಎದ್ದ ಸುನಾಮಿಯಲ್ಲಿ ಹದಿನಾಲ್ಕು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆಚೆ ಪ್ರಾಂತ್ಯವೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು. ನಮ್ಮ ನಾಗಪಟ್ಟಣಕ್ಕೆ ಅಲೆ ತಲುಪಲು ಎರಡು ಗಂಟೆಗೂ ಮೇಲೆ ಹಿಡಿಯಿತು, ಆದರೂ ಎಚ್ಚರಿಸುವವರು ಇರಲಿಲ್ಲ. ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಆರಂಭವಾದದ್ದು ಆಮೇಲೆ, 2007ರಲ್ಲಿ.

ಆದರೆ ಭೂಕಂಪದ ಕೇಂದ್ರಕ್ಕೆ ತೀರ ಸಮೀಪವಿದ್ದ ಸಿಮೆಲು ದ್ವೀಪದಲ್ಲಿ ಸುಮಾರು 78 ಸಾವಿರ ಜನರಿದ್ದರೂ ಸತ್ತವರು ಏಳೇ ಮಂದಿ. ಕಾರಣ ಯಂತ್ರವಲ್ಲ. 1907ರಲ್ಲಿ ಆ ದ್ವೀಪ ಒಂದು ಸುನಾಮಿಗೆ ತುತ್ತಾಗಿತ್ತು. ಉಳಿದವರು ಅದಕ್ಕೆ ಸ್ಮೋಂಗ್ ಎಂದು ಹೆಸರಿಟ್ಟು, ಮಕ್ಕಳಿಗೆ ಹಾಡಿನಲ್ಲಿಯೂ ಕಥೆಯಲ್ಲಿಯೂ ಹೇಳಿಕೊಟ್ಟಿದ್ದರು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಕಾಯಬೇಡಿ, ಗುಡ್ಡಕ್ಕೆ ಓಡಿ. ತೊಂಬತ್ತೇಳು ವರ್ಷಗಳ ನಂತರ ಮೊಮ್ಮಕ್ಕಳು ಓಡಿದರು, ಬದುಕಿದರು. ಅದೇ ದಿನ ಥಾಯ್ಲೆಂಡಿನ ಫುಕೆಟ್ ಕಡಲತೀರದಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಬ್ರಿಟಿಷ್ ಹುಡುಗಿ, ಎರಡು ವಾರಗಳ ಹಿಂದೆ ಭೂಗೋಳ ತರಗತಿಯಲ್ಲಿ ಕೇಳಿದ್ದನ್ನು ನೆನೆದು ತಂದೆತಾಯಿಯರನ್ನು ಎಚ್ಚರಿಸಿದಳು. ದಡದಲ್ಲಿದ್ದ ಸುಮಾರು ನೂರು ಜನ ಪಾರಾದರು.

ಶಿಕ್ಷಕ ಬಂಧುಗಳೇ, ನಾವು ಹೇಳುವ ಪಾಠ ಯಾವ ಮಗುವಿಗೆ ಎಂದು ಬೇಕಾದೀತು ಎಂಬುದು ನಮಗೆ ತಿಳಿಯದು. ಅಂಕಕ್ಕಾಗಿ ಹೇಳಿದ ಪಾಠ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಹೇಗೆ ತಿಳಿಯಿತು, ಏಕೆ ನಂಬಬೇಕು ಎಂದು ಹೇಳಿದ ಪಾಠ ಉಳಿಯುತ್ತದೆ. ವಿದ್ಯಾರ್ಥಿಗಳೇ, ಕೇಳಲು ಅಂಜಬೇಡಿ. ನಮ್ಮ ಹುಡುಗಿಯ ಆ ಒಂದು ಪ್ರಶ್ನೆ ಒಬ್ಬ ಭಾಷಾ ಶಿಕ್ಷಕಿಯನ್ನು ಮತ್ತೆ ವಿದ್ಯಾರ್ಥಿನಿಯನ್ನಾಗಿ ಮಾಡಿತು.

ಮುಂದಿನ ವಾರ ಆ ತರಗತಿಗೆ ಹೋಗಿ ಮೇರಿ ಥಾರ್ಪ್ ಕಥೆ ಹೇಳಿದೆ. ಕೇಳಿ ಮುಗಿದ ಮೇಲೆ ಆ ಹುಡುಗಿ ನಕ್ಷೆಯ ಬಳಿ ಹೋಗಿ, ಅರಬ್ಬೀ ಸಮುದ್ರದ ಕೆಂಪು ಗೆರೆಯ ಮೇಲೆ ಬೆರಳಿಟ್ಟು ತುದಿಯವರೆಗೂ ಎಳೆದಳು. ಬಳಿಕ ತಿರುಗಿ, “ಹಂಗಾರ ನಮ್ಮ ಮನೀ ಗ್ವಾಡಿನೂ ಒಮ್ಮೆ ನೋಡಬೇಕ್ರೀ ಟೀಚರ್” ಎಂದಳು. ಪಾಠ ಮುಟ್ಟಿತು ಎಂದು ನನಗೆ ಆಗ ಗೊತ್ತಾಯಿತು.